ಜೀಯಸ್ ರಂಗಕ್ಕೆ ಬರುವುದಿಲ್ಲ

ಗ್ರೀಕರ ದೇವಲೋಕದ ದೊರೆ ಜೀಯಸ್ ಅಂದರೆ ಸಿಡಿಲು ಹಿಡಿದ ಕೈ. ಆ ಸಿಡಿಲು ಅವನು ಮಾಡಿದ್ದಲ್ಲ. ಹೆಸಿಯಡ್ ಬರೆದ ದೇವವಂಶದ ಕಾವ್ಯದಲ್ಲೇ ಇದೆ: ಕಟ್ಟಿಹಾಕಿದ್ದ ಒಂಟಿಗಣ್ಣಿನ ಸೈಕ್ಲೋಪರನ್ನು ಜೀಯಸ್ ಬಿಡಿಸಿದ, ಆ ಋಣಕ್ಕೆ ಅವರು ಸಿಡಿಲು ಕೊಟ್ಟರು. ದುಡಿಮೆ ಅವರದು, ಹೆಸರು ಧಣಿಯದು.

'ಬಂಧಿತ ಪ್ರೊಮಿಥಿಯಸ್' ನಾಟಕ ಈಸ್ಕಿಲಸ್‌ನದು ಅಂತ ರೂಢಿ. (ಅಲ್ಲ ಅನ್ನೋ ಪಂಡಿತರೂ ಇದ್ದಾರೆ, ಅವರ ಜಗಳ ಅವರಿಗಿರಲಿ.) ಕಾಲೇಜಿನಲ್ಲಿ ನಮಗೆ ಇದನ್ನು ಹೇಳಿಕೊಟ್ಟಾಗ ಎಲ್ಲರ ಕಣ್ಣೂ ಬೆಂಕಿ ಕದ್ದ ವೀರನ ಮೇಲೆ. ನಾವು ನೋಡಬೇಕಾದ್ದು ಮೊದಲ ದೃಶ್ಯದ ಕಮ್ಮಾರನನ್ನು, ಹೆಫೆಸ್ಟಸ್‌ನನ್ನು. ಬಂಡೆಗೆ ಸರಪಳಿ ಜಡಿಯುವವನು ಅವನು. ಪಕ್ಕದಲ್ಲಿ ಇಬ್ಬರು ನಿಂತಿದ್ದಾರೆ: ಅಧಿಕಾರ, ಹಿಂಸೆ. ಹಿಂಸೆ ಒಂದು ಮಾತೂ ಆಡುವುದಿಲ್ಲ. ಅದಕ್ಕೆ ಮಾತಾದರೂ ಯಾಕೆ ಬೇಕು? ಅಧಿಕಾರ ಮಾತ್ರ ಬಾಯಿ ಮುಚ್ಚುವುದಿಲ್ಲ. ಇನ್ನೂ ಬಿಗಿ, ಎದೆಗೆ ಮೊಳೆ ಹೊಡಿ, ಕಾಲಿಗೆ ಸಂಕೋಲೆ ಹಾಕು, ಕೆಲಸ ನೋಡುವವನು ಬಲು ಕಠಿಣ ಅಂತ ಗದರಿಸುತ್ತದೆ. ಕಟ್ಟಿಸಿಕೊಳ್ಳುವವನು ಕಮ್ಮಾರನಿಗೆ ರಕ್ತಸಂಬಂಧಿ. ಕಮ್ಮಾರ ಅಳುತ್ತಾನೆ, ತನ್ನ ಕಸುಬನ್ನೇ ಶಪಿಸುತ್ತಾನೆ. ಆದರೂ ಸುತ್ತಿಗೆ ಎತ್ತುತ್ತಾನೆ. ಇಲಿಯಡ್‌ನ ಮೊದಲ ಭಾಗ ಓದಿದವರಿಗೆ ಯಾಕೆ ಅಂತ ಗೊತ್ತು. ತಾಯಿಯ ಪರ ನಿಂತಿದ್ದಕ್ಕೆ ಜೀಯಸ್ ಇವನ ಕಾಲು ಹಿಡಿದು ಸ್ವರ್ಗದಿಂದ ಎಸೆದಿದ್ದ. ದಿನವಿಡೀ ಬಿದ್ದು, ಹೊತ್ತು ಮುಳುಗುವಾಗ ಲೆಮ್ನೋಸ್ ದ್ವೀಪ ಸೇರಿದವನು ಇವನು.

ಇಷ್ಟೆಲ್ಲ ನಡೆದರೂ ಜೀಯಸ್ ರಂಗದ ಮೇಲೆ ಒಮ್ಮೆಯೂ ಕಾಣುವುದಿಲ್ಲ. ಅವನ ಕಾಮಕ್ಕೆ ಸಿಕ್ಕ ಹುಡುಗಿ ಅಯೋ ತಲೆ ಮೇಲೆ ಹಸುವಿನ ಕೊಂಬು ಹೊತ್ತು, ನೊಣ ಕಚ್ಚಿಸಿಕೊಳ್ಳುತ್ತ ಓಡಿ ಬರುತ್ತಾಳೆ. ಅವಳನ್ನು ಮನೆಯಿಂದ ಹೊರಹಾಕಿದ್ದು ಹೆತ್ತ ತಂದೆ, ವಂಶ ಸುಟ್ಟುಹೋದೀತು ಎಂಬ ಭಯಕ್ಕೆ. ಇಲ್ಲೂ ಧಣಿಯ ಕೈಗೆ ಮಸಿ ಹತ್ತಲಿಲ್ಲ. ಇದೇ ಈ ನಾಟಕದ ನಿಜವಾದ ಶಕ್ತಿ ಅಂತ ನಾವು ತಿಳಿಯುತ್ತೇವೆ.

ಆದರೆ ಜೀಯಸ್‌ನನ್ನು ಬರೀ ದಬ್ಬಾಳಿಕೆ ಅಂದುಬಿಟ್ಟರೆ ಹೆಸಿಯಡ್ ಒಪ್ಪುವುದಿಲ್ಲ. ಅವನು ಆಸ್ಕ್ರ ಎಂಬ ಹಳ್ಳಿಯ ರೈತ. ತಮ್ಮನೊಂದಿಗೆ ಆಸ್ತಿ ಜಗಳ, ನ್ಯಾಯ ಹೇಳುವ ಅರಸರು ಲಂಚ ತಿನ್ನುವವರು. ಎಲ್ಲಿಗೆ ಹೋಗಬೇಕು? ಜೀಯಸ್‌ನ 30,000 ಕಾವಲುಗಾರರು ಕಾಣದಂತೆ ತಿರುಗುತ್ತ ಅನ್ಯಾಯದ ಲೆಕ್ಕ ಇಡುತ್ತಾರೆ ಅಂತ ನಂಬುತ್ತಾನೆ. ಈ ನಂಬಿಕೆಯನ್ನು ನೋಡಿ ನಗಲು ನಮಗೆ ಆಗುವುದಿಲ್ಲ. ಆದರೆ ಅದೇ ಕವಿ, ಬೆಂಕಿಯನ್ನು ಮನುಷ್ಯರಿಂದ ಬಚ್ಚಿಟ್ಟವನೂ ಜೀಯಸ್ಸೇ ಅಂತ ಬರೆದಿದ್ದಾನೆ. ಎರಡೂ ಒಂದೇ ಕೈಬರಹ.

1841ರಲ್ಲಿ ಮಾರ್ಕ್ಸ್ ತನ್ನ ಪ್ರಬಂಧದ ಮುನ್ನುಡಿಯಲ್ಲಿ ಪ್ರೊಮಿಥಿಯಸ್‌ನನ್ನು ಹುತಾತ್ಮ ಅಂದ. ಅದಕ್ಕೂ ಮೊದಲೇ, 1820ರಲ್ಲಿ, ವೀರನಿಗೂ ದಬ್ಬಾಳಿಕೆಯವನಿಗೂ ರಾಜಿ ಬೇಡ ಅಂತ ಷೆಲ್ಲಿ ಹೊಸ ನಾಟಕ ಪ್ರಕಟಿಸಿ, ದೊರೆಯನ್ನು ರಂಗಕ್ಕೆ ಎಳೆದು ತಂದು ಕೆಳಗೆ ಬೀಳಿಸಿದ. ಭೇಷ್! ಆದರೆ ಆ ನಾಟಕದ ಪಾತ್ರಗಳ ಪಟ್ಟಿಯಲ್ಲಿ ಕಮ್ಮಾರ ಇಲ್ಲ. ಗ್ರೀಕ್ ನಾಟಕದಲ್ಲೂ ಅವನು ಮೊದಲ ನೂರು ಸಾಲಿನೊಳಗೇ ಸುತ್ತಿಗೆ ಎತ್ತಿಕೊಂಡು ಹೊರಟುಹೋದವನು ತಿರುಗಿ ಬರುವುದಿಲ್ಲ.