ಬಟ್ಟಲಿನಾಚೆಯ ನೋಟ

ಹರಟೆ ಬರೆಯುವುದು ಸುಲಭವೆಂದು ತಿಳಿದವರು ಆಡಿಸನ್ನನ ಪ್ರಬಂಧಗಳನ್ನು ಒಮ್ಮೆ ಓದಬೇಕು. 1711ರ ಮಾರ್ಚ್‌ನಲ್ಲಿ ಅವನೂ ಸ್ಟೀಲನೂ ಸೇರಿ ಲಂಡನ್ನಿನಲ್ಲಿ ‘ಸ್ಪೆಕ್ಟೇಟರ್’ ಪತ್ರಿಕೆಯನ್ನು ಆರಂಭಿಸಿದರು. ಭಾನುವಾರವೊಂದನ್ನುಳಿದು ದಿನಕ್ಕೊಂದು ಹಾಳೆ. ಕಾಫಿ ಅಂಗಡಿಯ ಮಾತು, ಹೆಂಗಸರ ಬೀಸಣಿಗೆ, ನಾಟಕಶಾಲೆಯ ಗದ್ದಲ, ಯಾವುದೂ ಅದಕ್ಕೆ ಹೊರತಲ್ಲ. ಅದರಲ್ಲಿ ಮಾತನಾಡುವ ಕಲ್ಪಿತ ‘ನೋಟಕ’ನಾದರೋ ಮಿತಭಾಷಿ, ಎಲ್ಲರ ನಡುವೆ ಕುಳಿತು ಕಿವಿಗೊಡುವವನು. ಅವನ ಅಭಿಪ್ರಾಯಗಳು ಹಗುರವಾಗಿದ್ದರೂ ಅಗ್ಗವಾಗದಿರುವುದು ಇದರಿಂದಲೇ.

ಆದರೂ ಒಂದು ಕೊರತೆಯನ್ನು ಹೇಳಲೇಬೇಕು. ಅದೇ ವರ್ಷದ ಮೇ ತಿಂಗಳಲ್ಲಿ ಬಂದ 69ನೆಯ ಸಂಚಿಕೆಯಲ್ಲಿ ಆಡಿಸನ್ ವರ್ತಕರು ಕೂಡುವ ರಾಯಲ್ ಎಕ್ಸ್‌ಚೇಂಜನ್ನು ಕೊಂಡಾಡುತ್ತಾನೆ. ಚೀನದ ಎಲೆಯೂ ಕಡಲಾಚೆಯ ಕಬ್ಬಿನ ಸಿಹಿಯೂ ಒಂದೇ ಬಟ್ಟಲಿನಲ್ಲಿ ಕೂಡುವುದನ್ನು ಕಂಡು ಹಿಗ್ಗುತ್ತಾನೆ. ಆ ಸಕ್ಕರೆಗಾಗಿ ವೆಸ್ಟ್ ಇಂಡೀಸಿನ ತೋಟಗಳಲ್ಲಿ ದುಡಿಯುತ್ತಿದ್ದವರು ಆಫ್ರಿಕದಿಂದ ಸಾಗಿಸಿ ತಂದ ಗುಲಾಮರು. ಪ್ರಬಂಧದಲ್ಲಿ ಅವರ ಸುಳಿವೇ ಇಲ್ಲ. ನೋಟಕನೆಂದೇ ಹೆಸರಿಟ್ಟುಕೊಂಡವನ ಕಣ್ಣು ಬಟ್ಟಲಿನ ಅಂಚಿನಲ್ಲಿ ನಿಂತುಬಿಟ್ಟಿತು.

ಅವನನ್ನು ತೂಗುವ ನಾವಾದರೂ ಮಾಡುವುದೇನು? ಕಾಫಿಯ ಬೆಲೆ, ರುಚಿಗಳನ್ನು ಚರ್ಚಿಸುತ್ತೇವೆ. ಕೊಡಗಿನ ತೋಟದಲ್ಲಿ ಹಣ್ಣು ಕೊಯ್ದ ಕೈಯನ್ನು ನೆನೆಯುವುದು ಅಪರೂಪ. ಹರಟೆಗಾರ ಉಪದೇಶ ಮಾಡಬೇಕಿಲ್ಲ, ನಿಜ. ಆದರೆ ಬಟ್ಟಲಿನಾಚೆಗೂ ನೋಡುವ ಕಣ್ಣು ಅವನಿಗೆ ಬೇಕು.