ಅರ್ಧದಲ್ಲಿ ನಿಂತ ಕಾಡಿನ ದಾರಿ

ಅಡಗೂಲಜ್ಜಿಯ ಕಥೆಗೆ ‘ಸುಖವಾಗಿ ಬಾಳಿದರು’ ಎಂಬುದೇ ಮುಕ್ತಾಯ. ಆಮೇಲೇನಾಯಿತೆಂದು ಕೇಳುವ ಮಗುವನ್ನು ಹಿರಿಯರು ತಟ್ಟಿ ಮಲಗಿಸುತ್ತಾರೆ. ಸ್ಟೀಫನ್ ಸಾಂಡ್‌ಹೈಮ್ ಗೀತ–ಸಂಗೀತಗಳನ್ನೂ ಜೇಮ್ಸ್ ಲಪೈನ್ ನಾಟಕಪಾಠವನ್ನೂ ರಚಿಸಿ 1987ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಗೆ ತಂದ ‘ಇಂಟು ದಿ ವುಡ್ಸ್’ ಗೀತನಾಟಕವು ಆ ಮಗುವಿನ ಪ್ರಶ್ನೆಯಿಂದಲೇ ಹುಟ್ಟಿದಂತಿದೆ. ಶಾಲಾಬಾಲರಿಗಾಗಿ ಸಿದ್ಧವಾದ ಅದರ ಸಂಕ್ಷಿಪ್ತ ಪಾಠವು ಆ ಪ್ರಶ್ನೆಯನ್ನೇ ಕೈಬಿಟ್ಟಿದೆಯೆಂಬುದು ವಿಚಾರಾರ್ಹ.

ಮಾಟಗಾತಿಯ ಶಾಪದಿಂದ ಸಂತಾನಹೀನರಾದ ರೊಟ್ಟಿಯಂಗಡಿಯ ದಂಪತಿಗಳು ಮೂರು ನಡುರಾತ್ರಿಗಳೊಳಗೆ ಬಿಳಿಯ ಹಸು, ಕೆಂಪು ಮೇಲಂಗಿ, ಹಳದಿ ಕೂದಲು, ಚಿನ್ನದ ಪಾದರಕ್ಷೆಗಳನ್ನು ಕೂಡಿಸಬೇಕು. ಜ್ಯಾಕ್, ಕೆಂಪುಟೊಪ್ಪಿಗೆಯ ಹುಡುಗಿ, ರಪುನ್ಜೆಲ್, ಸಿಂಡರೆಲ್ಲಾ ಇವರ ಕಥೆಗಳು ಹೀಗೆ ಒಂದೇ ಕಾಡಿನಲ್ಲಿ ಹೆಣೆದುಕೊಳ್ಳುತ್ತವೆ. ಮೊದಲನೆಯ ಅಂಕದ ಕೊನೆಗೆ ಎಲ್ಲರ ಇಷ್ಟಾರ್ಥಗಳೂ ಕೈಗೂಡಿರುತ್ತವೆ. ಎರಡನೆಯ ಅಂಕದಲ್ಲಿ, ಜ್ಯಾಕ್ ಕೊಂದ ರಾಕ್ಷಸನ ವಿಧವೆ ಇಳಿದುಬರುತ್ತಾಳೆ. ಶಾಲಾಪಾಠದಲ್ಲಿ ಉಳಿದಿರುವುದು ಮೊದಲನೆಯ ಅಂಕ ಮಾತ್ರ.

ಆ ಅಂಕವೂ ತರಗತಿಗೆ ಸಾಮಾನ್ಯ ಲಾಭವಲ್ಲ. 1697ರ ಪೆರೋನ ಸಿಂಡರೆಲ್ಲಾಗೆ ದೇವತೆಯೊಬ್ಬಳು ಕುಂಬಳಕಾಯಿಯನ್ನು ರಥವಾಗಿಸುತ್ತಾಳೆ. ಗ್ರಿಮ್ ಸೋದರರ ಸಿಂಡರೆಲ್ಲಾಗೆ ತಾಯಿಯ ಸಮಾಧಿಯ ಮೇಲಿನ ಮರವೇ ಆಸರೆ. ನಾಟಕಕಾರರು ಹಿಡಿದದ್ದು ಗ್ರಿಮ್ಮರ ದಾರಿ. ಆದರೆ ಅಲ್ಲಿ ರಾಜಕುಮಾರ ಮೆಟ್ಟಿಲಿಗೆ ಬಳಿಸಿದ ರಾಳಕ್ಕೆ ಪಾದರಕ್ಷೆ ಅಂಟಿಕೊಂಡರೆ, ಇಲ್ಲಿ ಆಕೆ ಯೋಚಿಸಿ, ತಾನಾಗಿ ಅದನ್ನು ಬಿಟ್ಟುಹೋಗುತ್ತಾಳೆ. ಎರಡು ಪಾಠಗಳನ್ನೂ ನಾಟಕವನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದ ಹುಡುಗರಿಗೆ ‘ಪಾಠಾಂತರ’ವೆಂಬುದನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ. ಸಂಗೀತವೂ ಹಾಗೆಯೇ: ಐದು ಅವರೆಕಾಳುಗಳಿಗೆ ಐದು ಸ್ವರಗಳು; ಆ ಸ್ವರಪುಂಜ ನಾಟಕದುದ್ದಕ್ಕೂ ಮೊಳೆಯುತ್ತ ಹೋಗುತ್ತದೆ.

ಆದರೂ ವಿದ್ಯಾರ್ಥಿಗೆ ನಿಜವಾಗಿ ದಕ್ಕಬೇಕಾದದ್ದು ಎರಡನೆಯ ಅಂಕದಲ್ಲಿದೆ. ಅಲ್ಲಿಯ ಒಂದು ಹಾಡಿನಲ್ಲಿ, ಬದುಕುಳಿದವರು ಅನಾಹುತದ ಹೊಣೆಯನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತಾರೆ. ಕಾಳು ಕೊಟ್ಟವನಾರು, ಹಸು ಮಾರಿದವನಾರು, ಮತ್ತೆ ಮತ್ತೆ ಮೇಲೇರಿ ಕದಿಯುವಂತೆ ಕೆಣಕಿದವರಾರು? ಪ್ರತಿಯೊಂದು ಉತ್ತರವೂ ಅಷ್ಟಿಷ್ಟು ನಿಜ, ಯಾವುದೂ ಪೂರ್ಣವಲ್ಲ. ಕಾರಣಪರಂಪರೆಯನ್ನು ಬಿಡಿಸುವ ಅಭ್ಯಾಸಕ್ಕೆ, ಇತಿಹಾಸದ ಅಧ್ಯಾಪಕನಿಗೂ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸುಲಭವಾಗಿ ಸಿಗದು.

ಸಾವು, ದಾಂಪತ್ಯದ್ರೋಹಗಳು ಎಳೆಯರಿಗೆ ಸಲ್ಲವೆಂಬ ಆಕ್ಷೇಪವಿದೆ. ಎಳೆಯ ಕಂಠಗಳ ಶಕ್ತಿ, ಅವಧಿಯ ಮಿತಿ ಇವುಗಳನ್ನು ಒಪ್ಪಲೇಬೇಕು. ದಾಂಪತ್ಯದ ಪ್ರಸಂಗವನ್ನು ಬಿಟ್ಟರೂ ನಷ್ಟ ಹೆಚ್ಚಿಲ್ಲ. ಸಾವಿನ ಮಾತು ಬೇರೆ. ಬ್ರೌನಿಂಗ್ ಕವಿಯ ಕೃತಿಯಿಂದ ಕುವೆಂಪು ಕನ್ನಡಕ್ಕೆ ತಂದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಲ್ಲಿ, ಹಿರಿಯರು ಮಾತಿಗೆ ತಪ್ಪಿದ್ದಕ್ಕೆ ಬೆಟ್ಟ ಸೇರಿದ ಮಕ್ಕಳು ಹಿಂದಿರುಗುವುದಿಲ್ಲ. ಕನ್ನಡದ ಮಕ್ಕಳು ಅದನ್ನು ಕುಣಿದು ಹಾಡಿದ್ದಾರೆ. ಅಂತ್ಯವನ್ನು ಕತ್ತರಿಸಿ ಕೊಡಿರೆಂದು ಯಾರೂ ಕೇಳಲಿಲ್ಲ.

ರಂಗದ ಮೇಲೆ ಮೊದಲನೆಯ ಅಂಕವನ್ನಾಡಿ, ಎರಡನೆಯದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದರೆ ತೊಡಕು ಬಹುಮಟ್ಟಿಗೆ ಪರಿಹಾರವಾಗುತ್ತದೆ. ಹಾಗೆ ಓದದಿದ್ದರೆ ಕೈತಪ್ಪುವ ದೃಶ್ಯವೊಂದಿದೆ. ಕಥೆ ಹೇಳುತ್ತಿದ್ದ ಸೂತ್ರಧಾರ ನಡುವೆಯೇ ರಾಕ್ಷಸಿಯ ಪಾಲಾಗಿರುತ್ತಾನೆ. ಹೆಂಡತಿಯನ್ನು ಕಳೆದುಕೊಂಡ ರೊಟ್ಟಿಯಂಗಡಿಯವನು ಅಳುವ ಕೂಸನ್ನು ಎತ್ತಿಕೊಂಡು, ನಾಟಕ ಆರಂಭವಾದ ಮಾತುಗಳಿಂದಲೇ ಅದಕ್ಕೆ ಕಥೆ ಹೇಳತೊಡಗುತ್ತಾನೆ.