ಪಾಠನಿರ್ಣಯವೂ ಕೊಲೆಯ ತನಿಖೆಯೂ

ಕನ್ನಡದಲ್ಲಿ ಪತ್ತೇದಾರಿ ಕಥೆಗಳಿಗೆ ಕೊರತೆಯಿಲ್ಲ. ಮೈಸೂರಿನ ಎಂ. ವೆಂಕಟಕೃಷ್ಣಯ್ಯನವರ ‘ಚೋರಗ್ರಹಣ ತಂತ್ರ’ದಿಂದ ಹಿಡಿದು ಎನ್. ನರಸಿಂಹಯ್ಯನವರ ಐನೂರಕ್ಕೆ ಮಿಕ್ಕ ಕಾದಂಬರಿಗಳವರೆಗೆ ಈ ಪ್ರಕಾರವು ನಮ್ಮ ಜನರನ್ನು ಓದಿಗೆ ಎಳೆದು ತಂದಷ್ಟು ಮತ್ತಾವುದೂ ತಂದಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಪಂಡಿತವರ್ಗವು ಇದನ್ನು ಮನ್ನಿಸಿದ್ದು ಕಡಮೆ. ಅದು ಬೇರೆಯ ಮಾತು. ಇಲ್ಲಿ ನಾವು ಗಮನಿಸಬೇಕಾದುದು ಬೇರೊಂದಿದೆ. ಈ ಕಥೆಗಳಲ್ಲಿ ಕೊಲೆಯ ಗುಟ್ಟನ್ನು ಬಯಲಿಗೆಳೆಯುವುದು ಒಬ್ಬ ನಾಯಕನ ಪ್ರತಿಭೆ. ಪತ್ತೇದಾರ ಪುರುಷೋತ್ತಮನು ನೋಡುತ್ತಾನೆ, ಊಹಿಸುತ್ತಾನೆ, ಹಿಡಿಯುತ್ತಾನೆ. ಪ್ರಯೋಗಾಲಯದಲ್ಲಿ ಕುಳಿತು ರಕ್ತದ ಕಲೆಯನ್ನೋ ಗುಂಡಿನ ಚೂರನ್ನೋ ದಿನಗಟ್ಟಲೆ ಪರೀಕ್ಷಿಸುವವನಿಗೆ ಅಲ್ಲಿ ಹೆಸರಿಲ್ಲ, ಮುಖವಿಲ್ಲ. ಅವನ ವರದಿ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ.

ಗಂಭೀರ ಸಾಹಿತ್ಯದ ಕಡೆಗೆ ತಿರುಗಿದರೂ ಸ್ಥಿತಿ ಹೆಚ್ಚು ಬೇರೆಯಾಗಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ವು ಏಲಕ್ಕಿಯ ಸಂಶೋಧಕನೊಬ್ಬನ ಸಂದೇಹಾಸ್ಪದವಾದ ಮರಣವನ್ನು ವಿಚಾರಿಸಲು ಬಂದ ಅಧಿಕಾರಿಯಿಂದ ಆರಂಭವಾಗುತ್ತದೆ. ಆದರೆ ಆ ಕೃತಿ ಮುಂದುವರಿದಂತೆ ಸತ್ತವನು ಹೇಗೆ ಸತ್ತನೆಂಬ ಪ್ರಶ್ನೆ ಹಿಂದೆ ಸರಿದು, ಊರಿಗೆ ಊರೇ ಹೇಗೆ ಸಾಯುತ್ತಿದೆಯೆಂಬ ಪ್ರಶ್ನೆ ಮುಂದೆ ಬರುತ್ತದೆ. ಕಾದಂಬರಿಯ ದೃಷ್ಟಿಯಿಂದ ಇದು ದೊಡ್ಡ ಗುಣ. ಸಾಕ್ಷ್ಯದ ದೃಷ್ಟಿಯಿಂದ ನೋಡಿದರೆ ಮಾತ್ರ, ಅಲ್ಲಿಯೂ ತನಿಖೆಯು ಕಥೆಗೆ ಹೊಸ್ತಿಲೇ ಹೊರತು ಮನೆಯಲ್ಲ.

ಹಾಗಾದರೆ ಒಂದು ಚಿಕ್ಕ ಗುರುತಿನಿಂದ ಹೊರಟು, ಹೆಜ್ಜೆಹೆಜ್ಜೆಗೂ ಕಾರಣ ಹೇಳುತ್ತ, ಎದುರುಪಕ್ಷವನ್ನು ತಾನೇ ಎತ್ತಿ ತಾನೇ ಪರಿಹರಿಸುತ್ತ ನಿರ್ಣಯಕ್ಕೆ ಬರುವ ಗದ್ಯವು ಕನ್ನಡದಲ್ಲಿ ಇಲ್ಲವೇ? ಇದೆ, ನಾವು ಅದನ್ನು ತಪ್ಪು ಕಪಾಟಿನಲ್ಲಿ ಹುಡುಕುತ್ತಿದ್ದೇವೆ. ಅದು ಗ್ರಂಥಸಂಪಾದಕರ ಪೀಠಿಕೆಗಳಲ್ಲಿದೆ. 1931ರ ಪರಿಷತ್ತಿನ ಪಂಪಭಾರತಕ್ಕೆ ಆರಾ ಊರಿನ ಜೈನಭಂಡಾರದ ಪ್ರತಿ ಒದಗಿದಾಗ, 1898ರ ರೈಸರ ಮುದ್ರಣದ ಎಷ್ಟೋ ಪಾಠಗಳನ್ನು ಮತ್ತೆ ತೂಗಿ ನೋಡಬೇಕಾಯಿತು. ಯಾವ ಪ್ರತಿ ಯಾವುದರಿಂದ ಇಳಿದದ್ದು, ಯಾವ ಲಿಪಿಕಾರನ ಕೈ ಎಲ್ಲಿ ತಪ್ಪಿತು, ಯಾವ ಅಕ್ಷರವನ್ನು ಯಾರು ತಿದ್ದಿದರು ಎಂಬ ವಿಚಾರಣೆಯೇ ಅಲ್ಲಿಯ ಕೆಲಸ. ಈ ಕೆಲಸದ ನಿಯಮಗಳನ್ನು ಡಿ. ಎಲ್. ನರಸಿಂಹಾಚಾರ್ಯರು 1964ರ ‘ಕನ್ನಡ ಗ್ರಂಥಸಂಪಾದನೆ’ಯಲ್ಲಿಯೂ, ಎಂ. ಎಂ. ಕಲಬುರ್ಗಿಯವರು 1972ರ ‘ಕನ್ನಡ ಗ್ರಂಥಸಂಪಾದನ ಶಾಸ್ತ್ರ’ದಲ್ಲಿಯೂ ನಿರೂಪಿಸಿದರು.

ಈ ಎರಡನೆಯ ಹೆಸರನ್ನು ಇಲ್ಲಿ ತಂದದ್ದಕ್ಕೆ ಕಾರಣವನ್ನು ವಾಚಕರು ಊಹಿಸಿರಬಹುದು. 2015ನೆಯ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ತಮ್ಮ ಮನೆಯ ಬಾಗಿಲಲ್ಲಿ ಕಲಬುರ್ಗಿಯವರು ಗುಂಡೇಟಿಗೆ ಬಲಿಯಾದರು. ಬಂದವರು ಮೋಟಾರುಬೈಸಿಕಲ್ಲಿನಲ್ಲಿ ಬಂದು ಹೊರಟುಹೋದರು. ಶಾಸನಗಳ ಒಂದೊಂದು ಅಕ್ಷರದಿಂದ ಶರಣರ ಕಾಲದೇಶಗಳನ್ನು ನಿರ್ಣಯಿಸುತ್ತಿದ್ದ ವಿದ್ವಾಂಸರ ಕೊಲೆಗೆ ಉಳಿದ ಲಿಖಿತಸಾಕ್ಷ್ಯವೆಂದರೆ ಖಾಲಿ ತೋಟಾಗಳ ಮೇಲಿನ ಗೀರುಗಳು. 2017ನೆಯ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶರ ಕೊಲೆಯಾಯಿತು. ಅಲ್ಲಿ ದೊರೆತ ತೋಟಾಗಳೂ 7.65 ಮಿಲಿಮೀಟರಿನವು. ಎರಡೂ ಕಡೆಗಳಲ್ಲಿ ಬಳಕೆಯಾದುದು ಒಂದೇ ನಾಡಪಿಸ್ತೂಲೆಂದು ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯವು ಕೊಟ್ಟ ಅಭಿಪ್ರಾಯವು 2018ರಲ್ಲಿ ವಿಶೇಷ ತನಿಖಾದಳದ ದಾಖಲೆಗಳೊಡನೆ ನ್ಯಾಯಾಲಯವನ್ನು ಮುಟ್ಟಿತು. 2019ರ ಫೆಬ್ರವರಿಯಲ್ಲಿ, ಕಲಬುರ್ಗಿಯವರ ಪತ್ನಿಯ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು ಈ ತನಿಖೆಯನ್ನೂ ಅದೇ ದಳಕ್ಕೆ ಒಪ್ಪಿಸಿ, ಧಾರವಾಡದ ಉಚ್ಚ ನ್ಯಾಯಾಲಯಪೀಠದ ಮೇಲ್ವಿಚಾರಣೆಯಲ್ಲಿಟ್ಟಿತು. ಅದೇ ವರ್ಷದ ಆಗಸ್ಟಿನಲ್ಲಿ ಆರೋಪಪಟ್ಟಿ ಬಂದಿತು. ಆರೋಪಪಟ್ಟಿಯೆಂಬುದು ಪೂರ್ವಪಕ್ಷ, ಸಿದ್ಧಾಂತವನ್ನು ಹೇಳಬೇಕಾದವರು ನ್ಯಾಯಾಧೀಶರು. ನಾವು ಇಲ್ಲಿ ಯಾರ ಅಪರಾಧವನ್ನೂ ನಿರ್ಣಯಿಸಹೊರಟಿಲ್ಲ. ಒಂದು ಅನುಮಾನದ ರೀತಿಯನ್ನು ಮಾತ್ರ ವಿಮರ್ಶಿಸಹೊರಟಿದ್ದೇವೆ.

ಆ ರೀತಿ ಯಾವುದು? ಎರಡು ಪ್ರತಿಗಳಲ್ಲಿ ಸರಿಯಾದ ಪಾಠಗಳು ಸಮಾನವಾಗಿದ್ದರೆ ಅದರಿಂದ ಏನೂ ಸಿದ್ಧಿಸದು. ಮೂಲದಲ್ಲಿಯೇ ಹಾಗಿದ್ದಿತು, ಎರಡೂ ಉಳಿಸಿಕೊಂಡವು, ಅಷ್ಟೆ. ಎರಡರಲ್ಲಿಯೂ ಒಂದೇ ವಿಚಿತ್ರವಾದ ತಪ್ಪಿದ್ದರೆ ಅವೆರಡೂ ಒಂದೇ ಮಾತೃಕೆಯಿಂದ ಇಳಿದವೆನ್ನಬೇಕು. ಸಂಬಂಧವನ್ನು ಸಾರುವುದು ಗುಣವಲ್ಲ, ದೋಷ. ಪಿಸ್ತೂಲಿನ ವಿಷಯದಲ್ಲಿಯೂ ಇದೇ ನ್ಯಾಯ. ಗುಂಡು ಹಾರುವಾಗ ಒಂದು ಸೂಜಿಯು ತೋಟಾದ ಬೆನ್ನನ್ನು ಕುಟ್ಟುತ್ತದೆ. ಸ್ಫೋಟದ ಒತ್ತಡದಿಂದ ತೋಟಾ ಹಿಂದಕ್ಕೆ ಸರಿದು ಉಕ್ಕಿನ ಹಿಂಗೋಡೆಗೆ ಅಪ್ಪಳಿಸುತ್ತದೆ. ಖಾಲಿ ತೋಟಾವನ್ನು ಎಳೆದು ಹೊರಕ್ಕೆಸೆಯುವ ಕೊಕ್ಕೆಯೂ ಗೀರು ಬಿಡುತ್ತದೆ. ಸೂಜಿಯ ಮೊನೆ ಸ್ವಲ್ಪ ಸವೆದಿದ್ದರೆ, ಗೋಡೆಯ ಮೇಲೆ ಅರದ ಗೆರೆ ಉಳಿದಿದ್ದರೆ, ಆ ಕೊರತೆಯು ಮೆದುವಾದ ಹಿತ್ತಾಳೆಯ ಮೇಲೆ ಅಚ್ಚಾಗುತ್ತದೆ. ಕಾರ್ಖಾನೆಯ ಪಿಸ್ತೂಲಿಗಿಂತ ಕೈಯಿಂದ ತಿದ್ದಿ ಮಾಡಿದ ನಾಡಪಿಸ್ತೂಲಿನಲ್ಲಿ ಇಂತಹ ದೋಷಗಳು ಹೇರಳ. ಎರಡು ತೋಟಾಗಳನ್ನು ಒಂದೇ ಕಣ್ಣಳತೆಯಲ್ಲಿ ಅಕ್ಕಪಕ್ಕ ನೋಡುವ ಜೋಡಿ ಸೂಕ್ಷ್ಮದರ್ಶಕವು 1925ರ ಸುಮಾರಿಗೆ ಅಮೆರಿಕೆಯಲ್ಲಿ ಈ ಕಾರ್ಯಕ್ಕೆ ಬಳಕೆಗೆ ಬಂದಿತು. ಪ್ರತಿಗಳನ್ನು ಪಕ್ಕದಲ್ಲಿಟ್ಟು ಓದುವ ನಮ್ಮ ಪದ್ಧತಿಯೇ ಅದು, ಗಾಜಿನ ಮೂಲಕ.

ಇಷ್ಟಕ್ಕೇ ನಿಂತರೆ ಹೋಲಿಕೆ ಸೊಗಸಾಗಿದೆಯೆಂದು ತಲೆದೂಗಿ ಬಿಡಬಹುದು. ಆದರೆ ಸಂಪಾದಕರು ಬಲ್ಲ ಒಂದು ಅಪಾಯವಿದೆ. ಎಲ್ಲ ಸಮಾನದೋಷಗಳೂ ಸಂಬಂಧವನ್ನು ತೋರುವುದಿಲ್ಲ. ‘ಪ’ಕಾರವನ್ನು ‘ವ’ಕಾರವಾಗಿ ಓದುವ ತಪ್ಪನ್ನು ಯಾವ ಲಿಪಿಕಾರನೂ ಮಾಡಬಹುದು; ಒಂದೇ ಪದದಿಂದ ಮುಗಿಯುವ ಎರಡು ಸಾಲುಗಳ ನಡುವೆ ಕಣ್ಣು ಹಾರಿ ಒಂದು ಸಾಲು ಬಿಟ್ಟುಹೋಗುವುದು ಎಲ್ಲ ಕಾಲದಲ್ಲಿಯೂ ಉಂಟು. ಅಂತಹ ದೋಷಗಳನ್ನು ಎಣಿಸಿ ವಂಶವೃಕ್ಷ ಬರೆದವನು ಕೆಟ್ಟ. ಪಿಸ್ತೂಲಿನಲ್ಲಿಯೂ ವರ್ಗಲಕ್ಷಣ ಬೇರೆ, ವ್ಯಕ್ತಿಲಕ್ಷಣ ಬೇರೆ. ತೋಟಾ 7.65 ಮಿಲಿಮೀಟರಿನದೆಂಬುದು ವರ್ಗಲಕ್ಷಣ. ಅದರಿಂದ ಸಹಸ್ರಾರು ಪಿಸ್ತೂಲುಗಳು ಶಂಕೆಗೆ ಬರುತ್ತವೆ, ಒಂದೂ ಹಿಡಿತಕ್ಕೆ ಬರುವುದಿಲ್ಲ. ಇವೆರಡರ ನಡುವೆ ಮತ್ತೊಂದು ಮೋಸದ ಲಕ್ಷಣವುಂಟು: ಒಂದೇ ಅರದಿಂದ ಒಂದರ ಹಿಂದೆ ಒಂದಾಗಿ ಮಾಡಿದ ಹಲವು ಪಿಸ್ತೂಲುಗಳು ಆ ಅರದ ಗುರುತನ್ನು ಸಮಾನವಾಗಿ ಹೊತ್ತಿರಬಹುದು. ಮಾತೃಕೆಯ ದೋಷವನ್ನು ಅದರ ಮಕ್ಕಳೆಲ್ಲವೂ ಪಡೆದಂತೆ. ಇದನ್ನು ವ್ಯಕ್ತಿಲಕ್ಷಣವೆಂದು ಭ್ರಮಿಸಿದರೆ ಪರೀಕ್ಷಕನ ನಿರ್ಣಯವು ದಾರಿ ತಪ್ಪುತ್ತದೆ.

ಇದು ಬರಿಯ ತರ್ಕದ ಭೀತಿಯಲ್ಲವೆಂಬುದಕ್ಕೆ ನಿದರ್ಶನ ದೂರವಿಲ್ಲ. 2013ನೆಯ ಆಗಸ್ಟ್ 20ರಂದು ಪುಣೆಯಲ್ಲಿ ಕೊಲೆಯಾದ ನರೇಂದ್ರ ದಾಭೋಳ್ಕರರ ಪ್ರಕರಣದಲ್ಲಿ, ವಶಪಡಿಸಿಕೊಂಡ ಪಿಸ್ತೂಲೊಂದು ತೋಟಾಗಳಿಗೆ ತಾಳೆಯಾಯಿತೆಂಬ ಆಧಾರದ ಮೇಲೆ 2014ರಲ್ಲಿ ಇಬ್ಬರು ಶಸ್ತ್ರವ್ಯಾಪಾರಿಗಳನ್ನು ಬಂಧಿಸಲಾಯಿತು. ಆ ದಾರಿ ಆರೋಪಪಟ್ಟಿಯವರೆಗೂ ಹೋಗಲಿಲ್ಲ. ಬಳಿಕ ಮುಂಬಯಿಯ ಹಾಗೂ ಬೆಂಗಳೂರಿನ ಪ್ರಯೋಗಾಲಯಗಳ ಅಭಿಪ್ರಾಯಗಳು ಹೊಂದದೆ, ಮೂರನೆಯ ಅಭಿಪ್ರಾಯಕ್ಕಾಗಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡಿನ ಮೊರೆಹೋಗುವ ಯೋಚನೆ ಸಿಬಿಐಯವರಿಗೆ ಬಂದಿತು. ಅದು ಕೈಗೂಡದೆ ಸಾಮಗ್ರಿಯನ್ನು ಅಹಮದಾಬಾದಿಗೆ ಕಳುಹಿಸಬೇಕಾಯಿತು. 2024ನೆಯ ಮೇ 10ರಂದು ಪುಣೆಯ ನ್ಯಾಯಾಲಯವು ಇಬ್ಬರಿಗೆ ಆಜೀವ ಕಾರಾವಾಸವನ್ನು ವಿಧಿಸಿ ಮೂವರನ್ನು ಬಿಡುಗಡೆ ಮಾಡಿತು. ಶಿಕ್ಷೆಗೊಳಗಾದ ಆ ಇಬ್ಬರು 2014ರಲ್ಲಿ ಬಂಧಿತರಾದವರಲ್ಲ. ಒಂದೇ ಹಿತ್ತಾಳೆಯ ತುಣುಕನ್ನು ಇಬ್ಬರು ಬಲ್ಲವರು ಎರಡು ಬಗೆಯಾಗಿ ಓದಿದರು. ಶಾಸನಗಳನ್ನು ಓದುವವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು.

ಅಮೆರಿಕೆಯಲ್ಲಿ 2009ರ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿಯೂ, 2016ರಲ್ಲಿ ಅಧ್ಯಕ್ಷರ ವಿಜ್ಞಾನ ಸಲಹಾಮಂಡಲಿಯ ವರದಿಯೂ ಈ ಶಾಖೆಯ ಮೇಲೆ ಕಠಿನವಾದ ಆಕ್ಷೇಪಗಳನ್ನೆತ್ತಿವೆ. ಪರೀಕ್ಷಕನು ‘ಒಂದೇ ಪಿಸ್ತೂಲು’ ಎನ್ನುವಾಗ ಎಷ್ಟು ಸಲ ತಪ್ಪುತ್ತಾನೆಂಬುದನ್ನು ಸಾಕಷ್ಟು ಅಳೆದಿಲ್ಲವೆಂಬುದು ಆಕ್ಷೇಪದ ಸಾರ. ಇದರಿಂದ ವಿದ್ಯೆಯೇ ಸುಳ್ಳೆಂದು ತೀರ್ಮಾನಿಸುವುದು ಅವಿವೇಕ. ಧಾರವಾಡ–ಬೆಂಗಳೂರುಗಳ ತೋಟಾಗಳ ಹೋಲಿಕೆಯಿಂದ ತನಿಖೆಗೆ ಒಂದು ದಿಕ್ಕು ದೊರೆತುದನ್ನು ಯಾರೂ ಅಲ್ಲಗಳೆಯಲಾರರು. ನಮ್ಮ ಆಕ್ಷೇಪವು ವಿದ್ಯೆಯ ಮೇಲಲ್ಲ, ಅದನ್ನು ಬರೆಯುವ ಕ್ರಮದ ಮೇಲೆ.

ಸಂಪಾದಕನು ಒಂದು ಪಾಠವನ್ನು ಮೇಲಿಟ್ಟಾಗ ತಿರಸ್ಕರಿಸಿದ ಪಾಠಗಳನ್ನು ಸುಟ್ಟುಹಾಕುವುದಿಲ್ಲ. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಅವನ್ನು ಜೀವಂತವಾಗಿಡುತ್ತಾನೆ. ನಾಳೆ ಬರುವವನು ‘ನೀನು ಕೆಳಗಿಟ್ಟದ್ದೇ ಸರಿ’ ಎನ್ನಲು ಅವಕಾಶವಿರಬೇಕಷ್ಟೆ. ಪ್ರತಿಯ ಚರಿತ್ರೆಯನ್ನೂ ಹೇಳುತ್ತಾನೆ: ಯಾವ ಭಂಡಾರದ್ದು, ಎಷ್ಟು ಗರಿ ಲುಪ್ತ, ಯಾರ ಕೈಯಿಂದ ಬಂತು. ತನಿಖೆಯಲ್ಲಿ ಈ ಎರಡನೆಯ ಭಾಗ ಬಲವಾಗಿಯೇ ಇದೆ. ಪೀಣ್ಯದಾಚೆ ತುಮಕೂರು ಹೆದ್ದಾರಿಯ ಮಾದನಾಯಕನಹಳ್ಳಿಯಂತಹ ಠಾಣೆಯಲ್ಲಿಯೂ ಪಂಚರ ಸಮಕ್ಷಮ ಮಹಜರು ಬರೆದು, ವಸ್ತುವನ್ನು ಬಟ್ಟೆಯಲ್ಲಿ ಹೊಲಿದು, ಅರಗಿನ ಮೊಹರು ಒತ್ತಿ ಮಡಿವಾಳದ ಪ್ರಯೋಗಾಲಯಕ್ಕೆ ಕಳುಹಿಸುವ ಪದ್ಧತಿಯುಂಟು. ಮೊಹರು ಒಡೆದಿದ್ದರೆ ಪ್ರತಿ ಕಲುಷಿತ. 2024ನೆಯ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯು ಏಳು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ಪರಿಣತನು ಸ್ಥಳಕ್ಕೇ ಹೋಗಬೇಕೆಂದು ವಿಧಿಸಿರುವುದೂ ಸರಿಯಾದ ಹೆಜ್ಜೆಯೇ. ಕೊರತೆಯಿರುವುದು ಮೊದಲನೆಯ ಭಾಗದಲ್ಲಿ. ನಿರ್ಣಯವು ‘ತಾಳೆಯಾಗಿದೆ’ ಎಂಬ ಒಂದು ವಾಕ್ಯಕ್ಕೆ ಇಳಿದರೆ ತಾಳೆಯಾಗದ ಗೀರುಗಳೆಷ್ಟು, ಅವನ್ನು ಏಕೆ ಬಿಟ್ಟರು ಎಂಬುದು ತಿಳಿಯದು. ಅಡಿಟಿಪ್ಪಣಿಯಿಲ್ಲದ ಪಂಪಭಾರತವನ್ನು ನಾವು ಶಾಸ್ತ್ರೀಯ ಮುದ್ರಣವೆನ್ನುವೆವೆ? ಪರಿಣತನ ಮಾತನ್ನು 1872ರ ಸಾಕ್ಷ್ಯ ಅಧಿನಿಯಮದ 45ನೆಯ ಪ್ರಕರಣವು ಅಭಿಪ್ರಾಯವೆಂದೇ ಕರೆದಿತ್ತು. ಈಗಿನ ಅಧಿನಿಯಮದ 39ನೆಯದೂ ಹಾಗೆಯೇ ಕರೆಯುತ್ತದೆ. ಪತ್ರಿಕೆಗಳಲ್ಲಿ ಅಚ್ಚಾಗುವಾಗ ಮಾತ್ರ ಅದು ಸತ್ಯವಾಗಿಬಿಡುತ್ತದೆ.

ಇನ್ನು ಹೋಲಿಕೆ ಮುರಿದುಬೀಳುವ ಎಡೆಯನ್ನೂ ಹೇಳಬೇಕು. ಗೀರುಗಳು ಪಿಸ್ತೂಲನ್ನು ಹೇಳುತ್ತವೆ, ಕೈಯನ್ನು ಹೇಳುವುದಿಲ್ಲ. ಕೈ ಯಾರದೆಂದರೂ, ಕೈಯ ಹಿಂದಿನ ಸಮ್ಮತಿ ಯಾರದೆಂಬುದು ಉಳಿದೇ ಇರುತ್ತದೆ. ಕನ್ನಡ ವಿದ್ವಾಂಸರಿಗೆ ಈ ತೊಡಕು ಹೊಸದಲ್ಲ. ಕಲಬುರ್ಗಿಯವರು ತಮ್ಮ ಮಹಾಪ್ರಬಂಧಕ್ಕೆ ಆರಿಸಿಕೊಂಡದ್ದು ಕವಿರಾಜಮಾರ್ಗದ ಪರಿಸರವನ್ನು. ಆ ಗ್ರಂಥವನ್ನು 1898ರಲ್ಲಿ ಕೆ. ಬಿ. ಪಾಠಕರು ನೃಪತುಂಗನದೆಂದೇ ಪ್ರಕಟಿಸಿದರು. ‘ಅನುಮತ’ವೆಂಬ ಒಂದು ಶಬ್ದವನ್ನು ಹಿಡಿದು, ರಾಜನು ಸಮ್ಮತಿಸಿದವನು, ಬರೆದವನು ಶ್ರೀವಿಜಯನೆಂದು ತೋರಿಸಲು ನಮ್ಮ ಪಂಡಿತರಿಗೆ ಹಲವು ದಶಕಗಳ ವಾಗ್ವಾದ ಬೇಕಾಯಿತು. ಒಪ್ಪಿಗೆ ಕೊಟ್ಟವನು, ಬರೆದವನು, ಪ್ರತಿ ಮಾಡಿದವನು, ಈ ಮೂವರನ್ನು ಬೇರ್ಪಡಿಸುವುದು ಓಲೆಯ ಮೇಲೆಯೇ ಇಷ್ಟು ಕಷ್ಟವಾದರೆ, ಬರೆದುದನ್ನೆಲ್ಲ ಅಳಿಸಲೆಂದೇ ಹೊರಟ ಒಳಸಂಚಿನಲ್ಲಿ ಹೇಗಿರಬೇಡ! ಗೌರಿಯವರ ಪ್ರಕರಣದಲ್ಲಿ ಕ್ಯಾಮೆರಾದಲ್ಲಿ ಸಿಕ್ಕ ನಡಿಗೆಯನ್ನು ಆರೋಪಿಯ ನಡಿಗೆಯೊಡನೆ ಹೋಲಿಸಲು ಗುಜರಾತಿನ ಪ್ರಯೋಗಾಲಯದ ನೆರವು ಪಡೆದುದೂ ಈ ಕೈಯನ್ನು ಹುಡುಕುವ ಯತ್ನವೇ. ಶೈಲಿಯನ್ನು ನೋಡಿ ಕರ್ತೃವನ್ನು ನಿರ್ಣಯಿಸುವುದಕ್ಕೆ ಇದು ಸಮಾನ. ಶೈಲಿಯೊಂದನ್ನೇ ನಂಬಿ ಕೃತಿಯನ್ನು ಕವಿಗೆ ಕಟ್ಟಿದವರ ಗತಿ ಏನಾಯಿತೆಂಬುದನ್ನು ನಮ್ಮ ಸಾಹಿತ್ಯಚರಿತ್ರೆ ಬಲ್ಲದು. ಬೇರೆ ಆಧಾರಕ್ಕೆ ಊರೆಯಾಗಿ ಬಂದಾಗ ಮಾತ್ರ ಅದಕ್ಕೆ ಬೆಲೆ.

ಕಲಬುರ್ಗಿಯವರು ನಾಟಕವನ್ನೂ ಬರೆದಿದ್ದರೆಂಬುದು ಅನೇಕರಿಗೆ ನೆನಪಿರದು. ಬೈಲಹೊಂಗಲದ ಸೀಮೆಯ ‘ಸಂಗ್ಯಾ ಬಾಳ್ಯಾ’ ಸಣ್ಣಾಟದಲ್ಲಿ ಪ್ರೇಮ, ಗೆಳೆಯನ ದ್ರೋಹ, ಕೊಲೆ ಮೂರೂ ಇವೆ. ಹಾಡಿಹಾಡಿ ಆ ಕೊಲೆ ಕಥೆಯಾಗಿ ನಿಂತುಬಿಟ್ಟಿದೆ. ಕಲಬುರ್ಗಿಯವರು ತಮ್ಮ ನಾಟಕಕ್ಕೆ ಇಟ್ಟ ಹೆಸರು ‘ಖರೇ ಖರೇ ಸಂಗ್ಯಾ ಬಾಳ್ಯಾ’. ಆಟದಲ್ಲಿ ಕಂಡದ್ದು ಒಂದು ಪಾಠ, ಖರೇ ನಡೆದದ್ದು ಮತ್ತೊಂದಿರಬಹುದೆಂಬ ಸಂಪಾದಕನ ಶಂಕೆಯೇ ಆ ಹೆಸರಿನಲ್ಲಿದೆಯೆಂದು ನಮಗೆ ತೋರುತ್ತದೆ. ಧಾರವಾಡದ ಕೊಲೆಯೂ ಈಗಾಗಲೇ ಹಾಡಾಗುವ ದಾರಿ ಹಿಡಿದಿದೆ. ಸಭೆಗಳಲ್ಲಿ ಅದನ್ನು ಎರಡೂ ಪಕ್ಷದವರು ತಮಗೆ ಬೇಕಾದ ಪಾಠದಲ್ಲಿ ಹೇಳುತ್ತಾರೆ. ನ್ಯಾಯಾಲಯದ ಕಡತಗಳು ವಿದ್ವಾಂಸರ ಕೈಗೆ ದೊರೆತಾಗ ಅವರು ಮೊದಲು ಬಿಡಿಸಿ ನೋಡಬೇಕಾದುದು ಆರೋಪಪಟ್ಟಿಯ ಕಥನಭಾಗವನ್ನಲ್ಲ, ಆ ಜೋಡಿ ಸೂಕ್ಷ್ಮದರ್ಶಕದ ಛಾಯಾಚಿತ್ರಗಳನ್ನು ಮತ್ತು ಅವುಗಳ ಅಂಚಿನಲ್ಲಿ ಪರೀಕ್ಷಕನು ಮಾಡಿಕೊಂಡ ಟಿಪ್ಪಣಿಗಳನ್ನು.